ಬೇಸ್‌ಬಾಲ್ ಚರ್ಚೆಯೂ ಚಿದಾನಂದರ ಸೋಮವಾರವೂ

"ಯಾವ ವಿಷಯ ಬೇಕಾದ್ರೂ ಕೊಡಿ, ಯಾವ ಪಕ್ಷಕ್ಕೆ ಬೇಕಾದ್ರೂ ಹಾಕಿ. ಎದುರಿನವರ ಬಾಯಿಗೆ ಬೀಗ ಜಡಿದು, ಕೀಲಿಕೈಯನ್ನ ವಿಕ್ಟೋರಿಯಾ ಸರೋವರದ ನಟ್ಟನಡುವೆ ಎಸೆದು ಬರ್ತೀನಿ. ನನ್ನ ಮಾತು ನಿಲ್ಲಿಸೋ ಮನುಷ್ಯ ಈ ಆಫ್ರಿಕಾ ಖಂಡದಲ್ಲಿ ಇನ್ನೂ ಹುಟ್ಟಿಲ್ಲ!"

ಚಿದಾನಂದರು ಹೀಗೆಂದದ್ದು ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ತಮ್ಮ ಫ್ಲಾಟಿನಲ್ಲಿ, ಕನ್ನಡ ಸಂಘದ ಸಮಿತಿಯವರು ಯುಗಾದಿ ಕಾರ್ಯಕ್ರಮದ ಏರ್ಪಾಡಿಗೆ ಸೇರಿದ್ದಾಗ. ಎಲ್ಲರೂ ಕೂತಿದ್ದರು, ಅವರೊಬ್ಬರು ನಿಂತಿದ್ದರು. ಕುರ್ಚಿಗೂ ಅವರಿಗೂ ಹುಟ್ಟಿನಿಂದಲೇ ಆಗಿಬರದು. ಮೈಸೂರಿನಿಂದ ನೈರೋಬಿಗೆ ವಿಮಾನದಲ್ಲಿ ಬಂದದ್ದೂ ಓಡಾಡಿಕೊಂಡೇ ಎಂದು ಹೆಂಡತಿ ವಿಮಲಾ ಹೇಳುತ್ತಿದ್ದರು. ಸಂಜೆ ಕೆಲಸ ಮುಗಿಸಿ ಬಂದರೆ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಅವರ ಗಸ್ತು ಶುರು. ನಡೆದು ನಡೆದು ಫ್ಲಾಟಿನ ನೆಲ ಎಷ್ಟು ತಗ್ಗಿತ್ತೆಂದರೆ, ಕೆಳಗಿನ ಮನೆಯ ಪಟೇಲರು ಪೇಟ ಸುತ್ತಿಕೊಂಡರೆ ಅದು ಸೂರಿಗೆ ತಾಗುತ್ತಿತ್ತಂತೆ.

ಕೆಲಸ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಂಪನಿಯಲ್ಲಿ, ಕೆಮ್ಮಿನ ಸಿರಪ್ಪಿನ ವಿಭಾಗದ ಮ್ಯಾನೇಜರು. ಅವರು ಮಾಡಿಸಿದ ಸಿರಪ್ಪು ಒಬ್ಬರು ಕುಡಿದರೆ ಪಕ್ಕದ ಮನೆಯವರ ಕೆಮ್ಮೂ ನಿಲ್ಲುತ್ತದೆ ಎಂಬ ಪ್ರತೀತಿ ಮೊಂಬಾಸಾದವರೆಗೂ ಇತ್ತು. ಹಬ್ಬಿಸಿದವರು ಯಾರೆಂದು ಕೇಳಬೇಕಾಗಿಲ್ಲ. ಆದರೆ ಸಿರಪ್ಪು ನಿಜಕ್ಕೂ ಚೆನ್ನಾಗಿತ್ತು. ಅವರು ಸೇರಿದ ಮೇಲೆ ಒಂದು ಬಾಟಲಿಯೂ ಕೆಟ್ಟಿತೆಂದು ವಾಪಸು ಬಂದಿರಲಿಲ್ಲ.

ಆ ವರ್ಷ, ಎರಡು ಸಾವಿರದ ಒಂದರ ಯುಗಾದಿಗೆ, ಚರ್ಚಾಸ್ಪರ್ಧೆಯ ವಿಷಯ ಬೇಸ್‌ಬಾಲು. ನೈರೋಬಿಯ ಕನ್ನಡಿಗರಿಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ, ಅದಕ್ಕೇ ಅದನ್ನು ಆರಿಸಿದ್ದು. ಹಿಂದಿನ ವರ್ಷ ಕ್ರಿಕೆಟ್ ಇಟ್ಟು ಇಬ್ಬರು ಡಾಕ್ಟರುಗಳ ಮನೆಯ ನಡುವೆ ಹೋಗಿಬರುವುದೇ ನಿಂತುಹೋಗಿ, ಸಂಘದ ಹುಳಿಯ ಪಾತ್ರೆ ಒಂದು ಮನೆಯಲ್ಲೂ ಮುಚ್ಚಳ ಇನ್ನೊಂದು ಮನೆಯಲ್ಲೂ ಉಳಿದುಬಿಟ್ಟಿತ್ತು. ಯಾರಿಗೂ ಗೊತ್ತಿಲ್ಲದ ಆಟವಾದರೆ ಜಗಳಕ್ಕೆ ಆಸ್ಪದವಿಲ್ಲ ಎಂದು ಹೆಲನ್ ಟೀಚರ್ ಸೂಚಿಸಿದರು. ಮಂಗಳೂರಿನ ಹೆಲನ್ ನೈರೋಬಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವರು. ಅಮೆರಿಕದಲ್ಲಿ ಯಾರೋ ಒಬ್ಬ ಆಟಗಾರನಿಗೆ ಹತ್ತು ವರ್ಷಕ್ಕೆ ಇಪ್ಪತ್ತೈದು ಕೋಟಿ ಡಾಲರ್ ಕೊಟ್ಟರೆಂಬ ಸುದ್ದಿ ಆಗಷ್ಟೇ ಪತ್ರಿಕೆಯಲ್ಲಿ ಬಂದಿತ್ತು. 'ಆಟಗಾರರಿಗೆ ಇಷ್ಟು ಸಂಬಳ ನ್ಯಾಯವೇ?' ಇದೇ ವಿಷಯವೆಂದಾಯಿತು. ಚೀಟಿ ಎತ್ತಿದಾಗ ಚಿದಾನಂದರಿಗೆ 'ನ್ಯಾಯ' ಎಂಬ ಪಕ್ಷ, ಹೆಲನ್‌ಗೆ 'ಅನ್ಯಾಯ' ಎಂಬ ಪಕ್ಷ ಬಂತು.

ಎಲ್ಲ ಇಲ್ಲಿಗೇ ನಿಂತಿದ್ದರೆ ಚಿದಾನಂದರು ಸುಖವಾಗಿರುತ್ತಿದ್ದರು. ಅದೇ ವಾರ ಸುಜಯ್ ಊಟಕ್ಕೆ ಬಂದ.

ಸುಜಯ್ ಬೆಂಗಳೂರಿನಿಂದ ಹೊಸದಾಗಿ ಬಂದು ಚಿದಾನಂದರ ಕೈಕೆಳಗೆ ಸೇರಿದ ಹುಡುಗ. ವಿಮಲಾ ಬಡಿಸಿದ ಬಿಸಿಬೇಳೆಬಾತಿಗೆ ತುಪ್ಪ ಹಾಕಿಕೊಳ್ಳುತ್ತಾ, ತುಂಬ ಕಳವಳದಿಂದ ಕೇಳಿದ: "ಸರ್, ನೀವು ಹಳಬರು, ನಿಮಗೆ ಗೊತ್ತಿರುತ್ತೆ. ನಂಗೆ ಇಷ್ಟು ಕೊಡ್ತಾರಂತೆ. ಈ ಊರಲ್ಲಿ ಸಾಕಾಗುತ್ತಾ?"

ಅವನು ಹೇಳಿದ 'ಇಷ್ಟು' ಚಿದಾನಂದರ 'ಅಷ್ಟ'ಕ್ಕಿಂತ ಜಾಸ್ತಿಯಿತ್ತು.

ಚಿದಾನಂದರ ಕೈಯ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. "ಸಾಕಾಗುತ್ತಪ್ಪಾ," ಎಂದರು. "ಹೇಗೋ ಸುಧಾರಿಸ್ಕೋಬಹುದು."

ಅಂದಿನಿಂದ ಅವರ ಗಸ್ತು ಓಟವಾಯಿತು. ಮೇಲಿಂದ ಕೆಳಗೆ ಲಿಫ್ಟಿನಲ್ಲಿ ಸುಮ್ಮನೆ ಹೋಗಿಬರುವುದು, ಫೋನಿನ ಹತ್ತಿರ ಹೋಗಿ ಮುಟ್ಟದೆ ಹಿಂದಿರುಗುವುದು. ಉಹುರು ಹೆದ್ದಾರಿಯ ಜಾಮಿನಲ್ಲಿ ಕಾರು ನಿಂತರೆ, ಸ್ಟೀರಿಂಗ್ ಬಿಟ್ಟು ಎರಡೂ ಕೈಯಾಡಿಸುತ್ತಾ ಗಾಜಿನ ಮುಂದೆ ಭಾಷಣ: "ಸರ್, ನಾನು ಬಂದಮೇಲೆ ನಿಮ್ಮ ಕಂಪನಿ..." ಪಕ್ಕದ ಮಟಾಟು ವ್ಯಾನಿನ ಕಂಡಕ್ಟರ್, ಈ ಮನುಷ್ಯ ತನ್ನನ್ನೇ ಕರೆಯುತ್ತಿದ್ದಾನೆಂದುಕೊಂಡು ಬಾಗಿಲಿನಿಂದ ತೂಗಾಡುತ್ತಾ "ಸವಾ, ಮ್ಜೇ?" ಎಂದು ಕೂಗಿದ. ಎಲ್ಲ ಸರಿಯಾ ಯಜಮಾನರೇ, ಎಂದು. ಸರಿಯಿಲ್ಲವೆಂದು ಯಾವ ಭಾಷೆಯಲ್ಲಿ ಹೇಳುವುದು?

ಅವರ ಕೆಲಸದ ಒಪ್ಪಂದ ಎರಡು ವರ್ಷಕ್ಕೊಮ್ಮೆ ಹೊಸದಾಗುತ್ತಿತ್ತು. ಆ ಕಾಗದವಿದ್ದರೇ ವರ್ಕ್ ಪರ್ಮಿಟ್ಟು. ಹೋದ ಸಲವೂ ಅದರ ಹಿಂದಿನ ಸಲವೂ, ಮಾಲೀಕ ಜಯಂತಿಭಾಯ್ ಪೆನ್ನು ಮುಂದೆ ತಳ್ಳುತ್ತಿದ್ದಂತೆ ಚಿದಾನಂದರು "ಥ್ಯಾಂಕ್ಯೂ ಸರ್" ಎಂದು ಸಹಿ ಹಾಕಿ ಬಂದಿದ್ದರು. ಈ ಸಲದ ಸಹಿ ಯುಗಾದಿ ಕಾರ್ಯಕ್ರಮದ ಮರುದಿನ, ಸೋಮವಾರ.

"ಈ ಸಲ ಕೇಳದೆ ಬಂದ್ರೆ ನಾನು, ಗಗನಾ ಮೈಸೂರಿಗೆ ಹೋಗ್ತೀವಿ," ಎಂದರು ವಿಮಲಾ, ಮಗಳ ತಲೆ ಸವರುತ್ತಾ. "ದುಡ್ಡಿಗಲ್ಲ ರೀ. ನಿಮ್ಮ ಕೈಲಿ ಕೆಲಸ ಕಲಿಯೋ ಹುಡುಗನಿಗಿಂತ ನಿಮಗೆ ಕಮ್ಮಿ ಅಂದ್ರೆ, ಆ ಹುಡುಗ ಬಂದಾಗ ನಾನು ಯಾವ ಮುಖ ಇಟ್ಕೊಂಡು ಬಡಿಸ್ಲಿ?"

"ಕೇಳ್ತೀನಿ ಕಣೇ. ಕೇಳೋಕೆ ಒಂದು ವಾತಾವರಣ ಬೇಡ್ವಾ?"

ಆ ವಾತಾವರಣವನ್ನು ಅವರು ಸೃಷ್ಟಿಸಿದ ಬಗೆ ಕೇಳಬೇಕು. ಸಂಘದಲ್ಲಿ ಊಟದ ಖರ್ಚು ವಹಿಸಿಕೊಂಡವರೇ ಮುಖ್ಯ ಅತಿಥಿ ಎಂಬ ಪದ್ಧತಿ. ಚಿದಾನಂದರು ಜಯಂತಿಭಾಯ್‌ಗೆ ಹೋಳಿಗೆಯ ವರ್ಣನೆ ಮಾಡಿ, ಊಟ ಒಪ್ಪಿಸಿ, ಮುಖ್ಯ ಅತಿಥಿ ಮಾಡಿದರು. ಆಮೇಲೆ ಹೆಲನ್ ಟೀಚರ ಮನೆಗೆ ಹೋಗಿ ಪಕ್ಷ ಅದಲುಬದಲು ಮಾಡಿಕೊಂಡರು. ಸಂಬಳ ಕೊಡುವವನ ಎದುರು ಸಂಬಳದ ದುರಾಸೆಯನ್ನು ಖಂಡಿಸಿದರೆ ಆತ ಕರಗಿ ಬೆಣ್ಣೆಯಾಗುತ್ತಾನೆ. ಕರಗಿದ ಬೆಣ್ಣೆಯನ್ನು ಸೋಮವಾರ ಬೆಳಿಗ್ಗೆ ಬಟ್ಟಲಿಗೆ ತುಂಬಿಕೊಂಡರಾಯಿತು.

"ನಂಗೇನು, ತಗೊಳ್ಳಿ," ಎಂದರು ಹೆಲನ್. "ಆದ್ರೆ ಚಿದಾನಂದರೇ, ಹೊಟ್ಟೆನೋವು ಬಂದ್ರೆ ನನ್ನ ಕೇಳ್ಬೇಡಿ."

ವಿಮಲಾ ಹಣೆ ಹಣೆ ಚಚ್ಚಿಕೊಂಡರು. "ಸೋಮವಾರ ಏನು ಕೇಳೋಕೆ ಹೋಗ್ತಿದೀರಿ, ಭಾನುವಾರ ಏನು ಹೇಳೋಕೆ ಹೊರಟಿದೀರಿ?"

"ಅದು ಬೇಸ್‌ಬಾಲು ಕಣೇ! ಇದು ಸಿರಪ್ಪು!"

ಸಂಘಕ್ಕೆ ಇನ್ನೊಂದು ಪದ್ಧತಿಯಿತ್ತು. ಅತಿಥಿಗೆ ಕನ್ನಡ ಬರದಿದ್ದರೆ ಪಕ್ಕದಲ್ಲಿ ನೈರೋಬಿಯಲ್ಲೇ ಬೆಳೆದ ಒಂದು ಮಗುವನ್ನು ಕೂರಿಸುವುದು. ಆ ಮಕ್ಕಳ ಕಿವಿಯಲ್ಲಿ ಕನ್ನಡ ಹೊಕ್ಕರೆ ಬಾಯಲ್ಲಿ ಇಂಗ್ಲಿಷಾಗಿ ಹೊರಬರುತ್ತಿತ್ತು. ಮನೆಯಲ್ಲಿ ಹಗಲೂ ರಾತ್ರಿ ಅದೇ ಕಸುಬು. ಚಿದಾನಂದರು ತಮ್ಮ ಮಗಳು ಗಗನಾಳನ್ನೇ ಆರಿಸಿ, "ಒಂದಕ್ಷರ ಬಿಡಬಾರದು, ಪುಟ್ಟಿ," ಎಂದು ತಾಕೀತು ಮಾಡಿದರು.

"ನಾಟ್ ಎ ವರ್ಡ್, ಅಪ್ಪಾ," ಎಂದಳು ಗಗನಾ.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಮೊದಲು ಹೆಲನ್ ಮಾತಾಡಿದರು, ಪಾಠ ಹೇಳಿದಷ್ಟು ಸಾವಕಾಶವಾಗಿ. "ಆ ಮೈದಾನಕ್ಕೆ ನಲವತ್ತು ಸಾವಿರ ಜನ ಟಿಕೆಟ್ ತಗೊಂಡು ಬರೋದು ಮಾಲೀಕನ ಮುಖ ನೋಡೋದಕ್ಕಲ್ಲ. ಟಿ.ವಿ. ಹಾಕೋದೂ ಅದಕ್ಕಲ್ಲ. ದುಡ್ಡು ಬಂದಾಗಿದೆ. ಅದು ಆಟಗಾರನ ಕೈಗೆ ಹೋಗಬಾರದು ಅನ್ನೋವ್ರು, ಯಾರ ಕೈಗೆ ಹೋಗ್ಬೇಕು ಅಂತ ಹೇಳ್ಲಿ. ಟಿಕೆಟ್ಟಂತೂ ಅಗ್ಗ ಮಾಡಲ್ಲ ಮಾಲೀಕರು."

ಸಣ್ಣದೊಂದು ಚಪ್ಪಾಳೆ ಬಂತು. ಚಿದಾನಂದರು ಎದ್ದರು. ಎದ್ದರೆಂದರೆ ತಪ್ಪು, ಅವರು ಕೂತೇ ಇರಲಿಲ್ಲ. ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ, ಮೈಕಿನ ತಂತಿಯನ್ನು ಕಾಲಿಗೆ ಸುತ್ತಿಕೊಂಡು ಬಿಡಿಸಿಕೊಳ್ಳುತ್ತಾ ಗುಡುಗತೊಡಗಿದರು.

"ಸಂಬಳ ಹೆಚ್ಚು ಮಾಡಿದ್ರೆ ಚೆಂಡು ಕುಂಬಳಕಾಯಿಯಷ್ಟು ದಪ್ಪ ಕಾಣುತ್ತೇನ್ರೀ? ಅದೇ ಚೆಂಡು! ಅದೇ ದೊಣ್ಣೆ! ಹೋದ ವರ್ಷ ಹೊಡೆದ, ಈ ವರ್ಷವೂ ಹೊಡೀತಾನೆ, ಜಾಸ್ತಿ ಯಾಕೆ ಕೊಡ್ಬೇಕು? ಮೈದಾನ ಯಾರದು? ಮಾಲೀಕನದು! ದೀಪ ಯಾರದು? ಮಾಲೀಕನದು! ಇವನೇನು ತಂದ? ಎರಡು ಕೈ! ಎರಡು ಕೈ ಎಲ್ಲರಿಗೂ ಇವೆ! ಪಕ್ಕದವನಿಗೆ ಎಷ್ಟು ಸಿಕ್ತು ಅಂತ ನೋಡೋನು ಆಟಗಾರನಲ್ಲ, ವ್ಯಾಪಾರಿ! ಆಟವನ್ನ ಪ್ರೀತಿಸೋನು ಸಂಬಳದ ವಿಷಯಕ್ಕೆ ಬಾಯಿ ಬಿಡಲ್ಲ, ಕೊಟ್ಟಿದ್ದನ್ನ ಕಣ್ಣಿಗೊತ್ತಿಕೊಳ್ತಾನೆ!"

ಚಪ್ಪಾಳೆಗೆ ಪಾರ್ಕ್‌ಲ್ಯಾಂಡ್ಸಿನ ದೇವಸ್ಥಾನಗಳ ಗಂಟೆಗಳು ತಾವಾಗಿಯೇ ಅಲ್ಲಾಡಿದವು. ಮೊದಲ ಸಾಲಿನಲ್ಲಿ ಗಗನಾ ಬಾಗಿ ಬಾಗಿ ಜಯಂತಿಭಾಯ್ ಕಿವಿಗೆ ಹೇಳುತ್ತಲೇ ಇದ್ದಳು. ಜಯಂತಿಭಾಯ್ ಮೊದಲು ಮುಗುಳ್ನಕ್ಕರು, ಆಮೇಲೆ ತೊಡೆ ತಟ್ಟಿದರು, ಕೊನೆಗೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಹಿಂದಿನ ಸಾಲಿನಲ್ಲಿ ವಿಮಲಾ ಸೆರಗಿನಿಂದ ಮುಖ ಮುಚ್ಚಿಕೊಂಡರು. ಬಹುಮಾನ ಚಿದಾನಂದರಿಗೇ ಬಂತು. ಸುಜಯ್ ಓಡಿಬಂದು ಕೈ ಕುಲುಕಿ, "ಸೂಪರ್ ಸರ್! ನಂಗೆ ನನ್ನ ಸಂಬಳದ ಬಗ್ಗೆ ನಾಚಿಕೆ ಆಗೋಯ್ತು," ಎಂದ.

ಕಾರಿನಲ್ಲಿ ವಾಪಸು ಬರುವಾಗ ಚಿದಾನಂದರು ಕೇಳಿದರು: "ಪುಟ್ಟೀ, ಕೊನೇದೂ ಹೇಳಿದ್ಯಾ? ಬಾಯಿ ಬಿಡಲ್ಲ ಅನ್ನೋದು?"

"ಎವ್ರಿಥಿಂಗ್. ಅಂಕಲ್ ಮೇಡ್ ಮಿ ಸೇ ದಟ್ ಒನ್ ಟ್ವೈಸ್."

ಆಗ ಮೊದಲ ಬಾರಿಗೆ ಚಿದಾನಂದರಿಗೆ ಹೆಲನ್ ಹೇಳಿದ್ದ ಹೊಟ್ಟೆನೋವಿನ ಮಾತು ನೆನಪಾಯಿತು.

ಸೋಮವಾರ ಬೆಳಿಗ್ಗೆ ಜಯಂತಿಭಾಯ್ ತಮ್ಮ ಕೋಣೆಯ ಬಾಗಿಲಿಗೇ ಬಂದು ಎದುರುಗೊಂಡರು. ಮಸಾಲೆ ಚಹಾ ತರಿಸಿದರು. ಒತ್ತಾಯ ಮಾಡಿ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಗೇ ಚಿದಾನಂದರ ಅರ್ಧ ಶಕ್ತಿ ಸೋರಿಹೋಯಿತು. ಅವರಿಬ್ಬರ ಮಾತು ಯಾವಾಗಲೂ ಹಿಂದಿ ಇಂಗ್ಲಿಷು ಕಲಸಿದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಚಿದಾನಂದ್‌ಭಾಯ್, ರಾತ್ರಿಯೆಲ್ಲ ನಿಮ್ಮ ಮಾತೇ. ಹೆಂಡತಿಗೆ ಹೇಳಿದೆ, ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಚೆಂಡು ಅದೇ, ದೊಣ್ಣೆ ಅದೇ! ವಾಹ್!"

"ಅದು ಸರ್, ಬೇಸ್‌ಬಾಲು..."

"ದೀಪ ಯಾರದು ಅಂದ್ರಲ್ಲ, ಆಗ ನನಗೆ ನಮ್ಮ ಫ್ಯಾಕ್ಟರಿಯ ಕರೆಂಟ್ ಬಿಲ್ಲು ಕಣ್ಮುಂದೆ ಬಂತು."

ಚಿದಾನಂದರ ಬಲಗಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರದ ಪೆಡಲಿನಂತೆ ಕುಣಿಯತೊಡಗಿತು. ಚಹಾದ ಸಾಸರು ಅದಕ್ಕೆ ತಾಳ ಹಾಕಿತು. ಹೆದ್ದಾರಿಯಲ್ಲಿ ಗಾಜಿಗೆ ಒಪ್ಪಿಸಿದ ಭಾಷಣದ ಮೊದಲ ಪದಕ್ಕಾಗಿ ತಡಕಾಡಿದರು. 'ಸರ್' ಸಿಕ್ಕಿತು. ಅದರ ಮುಂದಿನದು ಸಿಗಲಿಲ್ಲ. ಹಿಂದಿನ ದಿನ ಸಭಾಂಗಣದ ಹೆಂಚು ಹಾರಿಸಿದ್ದ ಬಾಯಿ, ಆ ಕುರ್ಚಿಯಲ್ಲಿ, ಒಣಗಿದ ಅಂಟಿನ ಡಬ್ಬಿಯ ಮುಚ್ಚಳದಂತೆ ಕೂತುಬಿಟ್ಟಿತ್ತು.

ಜಯಂತಿಭಾಯ್ ಕಾಗದ ಮುಂದಿಟ್ಟರು. ಹಳೆಯ ಸಂಬಳವೇ. ಅದರ ಮೇಲೆ ಪೆನ್ನಿಟ್ಟರು. "ನಿಜ ಹೇಳ್ಲಾ? ಈ ಸಲ ನೀವು ಏನಾದರೂ ಕೇಳ್ತೀರೇನೋ ಅಂತ ನನಗೆ ಅಳುಕಿತ್ತು. ನಿನ್ನೆ ಅದನ್ನ ನೀವೇ ಕಳೆದುಬಿಟ್ಟಿರಿ."

ಕೈ ತಾನಾಗಿಯೇ ಪೆನ್ನಿಗೆ ಹೋಯಿತು. ರೂಢಿ. ಮುಚ್ಚಳ ತೆಗೆದದ್ದೂ ಆಯಿತು. ಗಾಜಿನಾಚೆ ಸಿರಪ್ಪಿನ ವಿಭಾಗ ಕಾಣುತ್ತಿತ್ತು. ಸುಜಯ್ ದೊಡ್ಡ ಕಡಾಯಿಯ ಪಕ್ಕ ನಿಂತು, ಯಾವ ವಾಲ್ವು ತಿರುಗಿಸಬೇಕೆಂದು ತಿಳಿಯದೆ ಇತ್ತ ನೋಡುತ್ತಿದ್ದ. ಚಿದಾನಂದರು ಕೂತಲ್ಲಿಂದಲೇ ಎಡಗೈ ಎತ್ತಿ, ಮೇಲಿನದಲ್ಲ, ಕೆಳಗಿನದು ಎಂದು ಸನ್ನೆ ಮಾಡಿದರು. ಹುಡುಗ ತಲೆಯಾಡಿಸಿ ಕೆಳಗಿನದನ್ನು ತಿರುಗಿಸಿದ. ಇನ್ನೊಂದು ದಿನ ಊಟಕ್ಕೆ ಕರೆದರೆ ಅವನು ಬಂದೇ ಬರುತ್ತಾನೆ. ಬಡಿಸಬೇಕಾದವರು ಮಾತ್ರ ಮೈಸೂರಿನಲ್ಲಿರುತ್ತಾರೆ.

ಅವರು ಕುರ್ಚಿಯಿಂದ ಎದ್ದರು. ನಿಂತ ತಕ್ಷಣ ಕಾಲಿನ ಕುಣಿತ ನಿಂತಿತು. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಗಾಜಿನಾಚೆಯ ಸುಜಯ್‌ನತ್ತ ಕೈ ತೋರಿಸಿದರು.

"ಸರ್, ಅವನಿಗಿಂತ ನನಗೆ ಕಮ್ಮಿ ಯಾಕೆ?"

ಜಯಂತಿಭಾಯ್ ಆ ಪ್ರಶ್ನೆಗೆ ಸಿದ್ಧರಾಗಿರಲಿಲ್ಲ. ಆದರೆ ವ್ಯಾಪಾರಸ್ಥರು, ಬೇಗ ಚೇತರಿಸಿಕೊಂಡರು. "ಪಕ್ಕದವನಿಗೆ ಎಷ್ಟು ಸಿಕ್ಕಿತು ಅಂತ ನೋಡೋನು ಆಟಗಾರನೇ ಅಲ್ಲ ಅಂದೋರು ಯಾರು? ಆಟವನ್ನ ಪ್ರೀತಿಸೋನು ಬಾಯಿ ಬಿಡಲ್ಲ ಅಂದೋರು ಯಾರು? ಮುನ್ನೂರು ಜನರ ಮುಂದೆ ಹೇಳಿದ್ದೀರಿ, ಬಹುಮಾನ ತಗೊಂಡಿದ್ದೀರಿ. ಈಗ ನಾನು ಯಾವುದನ್ನ ನಂಬಲಿ, ಚಿದಾನಂದ್‌ಭಾಯ್? ನಿನ್ನೆಯ ಭಾಷಣವನ್ನೋ, ಇವತ್ತಿನ ಪ್ರಶ್ನೆಯನ್ನೋ?"

ಆ ದಿನ ಮಧ್ಯಾಹ್ನ ಜಯಂತಿಭಾಯ್ ಆ ಕಾಗದ ಹರಿದು ಹೊಸದೊಂದನ್ನು ಟೈಪು ಮಾಡಿಸಿದರು. ಅದರ ಸಂಬಳ ಕಂಡು ವಿಮಲಾ ಸುಜಯ್‌ನನ್ನು ತಾವೇ ಫೋನ್ ಮಾಡಿ ಊಟಕ್ಕೆ ಕರೆದರು. ಅದಕ್ಕೆಲ್ಲ ಕಾರಣ ಚಿದಾನಂದರು ಆಗ ಕೊಟ್ಟ ಉತ್ತರ:

"ನಿನ್ನೆಯದು ಬಿಟ್ಟಿ ಭಾಷಣ ಸರ್, ಆಟದ ಪ್ರೀತಿಗೆ ಮಾಡಿದ್ದು. ಸದ್ದು ಜೋರಾಗಿತ್ತು, ಒಳಗೆ ಒಂದು ಮಾತೂ ನಿಜ ಇರಲಿಲ್ಲ. ನಿಮ್ಮ ಸಿರಪ್ಪನ್ನೂ ಹಾಗೇ ಮಾಡಿಕೊಡ್ಲಾ?"