ಮೂರನೆಯ ಗುರುವಾರದ ಸೂಜಿ

ನಮ್ಮ ಚಿಕ್ಕಮ್ಮನನ್ನು ಇಡೀ ಆಸ್ಪತ್ರೆ ಸೂಜಿ ಅಕ್ಕ ಎನ್ನುತ್ತದೆ. ಇಪ್ಪತ್ತೆರಡು ವರ್ಷದಿಂದ ಇಂಜೆಕ್ಷನ್ ಕೋಣೆಯ ನರ್ಸು. ಸೂಜಿಗಿಂತ ನಾಲಿಗೆಯೇ ಚೂಪು ಎಂದು ಗೊಣಗುವವರೂ ಅವಳ ಕೈಯಲ್ಲೇ ಚುಚ್ಚಿಸಿಕೊಳ್ಳಲು ಕಾದು ಕೂರುತ್ತಾರೆ.

ಆ ವರ್ಷ ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಕೊಡುವ ಪೆನಿಸಿಲಿನ್ ಸೂಜಿ ಎಲ್ಲೂ ಸಿಗುತ್ತಿರಲಿಲ್ಲ. ಬದಲಿಗೆ ಡಾಕ್ಸಿಸೈಕ್ಲಿನ್ ಮಾತ್ರೆ, ದಿನಕ್ಕೆರಡರಂತೆ ಹದಿನಾಲ್ಕು ದಿನ. ಬಸುರಿಯರಿಗೆ ಮಾತ್ರ ಆ ಮಾತ್ರೆ ಕೂಡದು, ಸೂಜಿಯೇ ಗತಿ. ಉಳಿದಿದ್ದು ಮೂರು ಬಾಟಲಿ. ಆಸ್ಪತ್ರೆ ಹತ್ತಿರದ ಇಸ್ತ್ರಿ ಅಂಗಡಿಯವಳಿಗೂ ಗಂಡನಿಗೂ ಆ ಕಾಯಿಲೆ ಇತ್ತು, ಅವಳಿಗೆ ಆಗ ಏಳನೆಯ ತಿಂಗಳು. ಚಿಕ್ಕಮ್ಮ ಮೂರಕ್ಕೂ ಬಿಳಿ ಪಟ್ಟಿ ಅಂಟಿಸಿ, ಅವಳ ಚೀಟಿಯ ನಂಬರು ಬರೆದು ಬೀರುವಿನಲ್ಲಿಟ್ಟಳು. ವಾರಕ್ಕೊಂದು, ಮೂರು ಗುರುವಾರ. ಕೊನೆಯದು ತಪ್ಪಿದರೆ ಮೊದಲಿನೆರಡೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮತ್ತೆ ಒಂದರಿಂದ ಶುರು ಮಾಡಬೇಕು, ಅಲ್ಲಿಯವರೆಗೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ.

ಮೂರನೆಯ ಗುರುವಾರ ಚಿಕ್ಕಮ್ಮ ಊಟ ಮುಗಿಸಿ ಬಂದಾಗ ಬಾಟಲಿ ಇರಲಿಲ್ಲ. ಪಟ್ಟಿಯನ್ನು ಯಾರೋ ಜೋಪಾನವಾಗಿ ಕಿತ್ತು ಬೀರುವಿನ ಬಾಗಿಲಿಗೆ ಅಂಟಿಸಿದ್ದರು. ಆ ಜೋಪಾನ ಕಂಡೇ ಅವಳ ಮೈ ಉರಿಯಿತು.

ಕೋಣೆಯ ಆಚೆ ಮೇಜಿನಲ್ಲಿದ್ದ ಡಾಕ್ಟರು ಕಡತದಿಂದ ತಲೆ ಎತ್ತಲಿಲ್ಲ. "ಜಿಲ್ಲಾ ಕಚೇರಿ ದೊಡ್ಡ ಸಾಹೇಬ್ರು ಬಂದಿದ್ರು, ಅವರಿಗೂ ಇದೇ ಕಾಯಿಲೆ. ಹದಿನಾಲ್ಕು ದಿನ ಮಾತ್ರೆ ನುಂಗಿದ್ರೆ ಮನೇಲಿ ಯಾಕೆ ಏನು ಅಂತ ಕೇಳ್ತಾರಂತೆ. ನಾನೇ ಹಾಕ್ಬಿಟ್ಟೆ."

"ಅವರ ಮಾನ ಉಳೀತು. ಮಗು?"

"ಸ್ಟಾಕ್ ಬರುತ್ತೆ, ನೋಡೋಣ."

"ಯಾವಾಗ ಸರ್, ಹೆರಿಗೆ ಆದ್ಮೇಲಾ?"

ಮಾನವೆಂಬುದು ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಇರುತ್ತದೆ ನೋಡಿ. ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು.

ಅಷ್ಟರಲ್ಲಿ ಇಸ್ತ್ರಿಯವಳು ಗಂಡನ ಜೊತೆ ಬಂದಳು. ರೂಢಿಯಾಗಿತ್ತಲ್ಲ, ಯಾರನ್ನೂ ಕೇಳದೆ ಪರದೆಯ ಹಿಂದಿನ ಮಂಚಕ್ಕೆ ಹೋದಳು. ಗಂಡ ಜೇಬಿನಿಂದ ಖಾಲಿ ಮಾತ್ರೆ ಹಾಳೆಗಳನ್ನು ತೆಗೆದ. ಅವನ ಪಾಲಿನ ಚಿಕಿತ್ಸೆಯೂ ಅಂದಿಗೆ ಮುಗಿದಿತ್ತು.

"ಒಂದೂ ತಪ್ಪಿಸಿಲ್ಲ ಅಕ್ಕ. ಅಂಗಡಿಗೆ ಬಂದೋರೆಲ್ಲಾ ಏನು ಕಾಯಿಲೆ ಅಂತ ಕೇಳಿದ್ರು. ಕೇಳ್ಲಿ ಬಿಡಿ ಅಂತ ನುಂಗ್ದೆ."

ಚಿಕ್ಕಮ್ಮ ಆ ಹಾಳೆಗಳನ್ನು ಡಾಕ್ಟರ ಕಡತದ ಮೇಲಿಟ್ಟಳು. ಬೀರುವಿನ ಪಟ್ಟಿ ಕಿತ್ತು ತಂದು ಪಕ್ಕದಲ್ಲೇ ಅಂಟಿಸಿದಳು.

"ಇವರಿಗೆ ನೀವೇ ಹೇಳಿ ಸರ್. ನಾನು ಚುಚ್ಚೋಳು, ಸುಳ್ಳು ಹೇಳೋಳಲ್ಲ."

ಡಾಕ್ಟರು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ದನಿ ಕೇಳಿಸಿತು.

"ಬನ್ನಿ ಅಕ್ಕ, ಮಲಗಿದೀನಿ. ಈ ಸಲ ಅಳಲ್ಲ."