ರೇಡಿಯೋದವರ ಖೇದ

ಡ್ರೈಯರಿನ ಬಾಗಿಲು ತೆರೆದೊಡನೆ ಮುಖಕ್ಕೆ ಬಡಿಯುವ ಬಿಸಿ ಹತ್ತಿಯ ವಾಸನೆ... ಮಾಲ್ಮೋದ ಈ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನಮ್ಮದೇ. ಆದರೂ ಮೊನ್ನೆ ಆ ವಾಸನೆಗೆ ಮೊದಲು ನಾನಿದ್ದ ಕಾರ್ಲ್‌ಸ್ಕ್ರೂನಾ ಊರಿನ ಹಳೆಯ ಕಟ್ಟಡದ ನೆಲಮಾಳಿಗೆ ನೆನಪಾಯಿತು. ಅಲ್ಲಿ ಇಡೀ ಕಟ್ಟಡಕ್ಕೆ ಸೇರಿ ಒಂದೇ ಒಗೆಯುವ ಕೋಣೆ. ಮೇಲಿನ ಮನೆಯ ಚೀನೀ ಹೆಂಗಸು ನನಗೆ ಸಿಕ್ಕಿದ್ದು ಅಲ್ಲಿಯೇ.

ಇರಾಕಿನ ಯುದ್ಧ ಶುರುವಾದ ವರ್ಷ ಅದು. ನಾನು ಟೆಲಿಕಾಂ ಕೆಲಸಕ್ಕೆಂದು ಬೆಂಗಳೂರಿನಿಂದ ಆಗಷ್ಟೇ ಬಂದಿದ್ದೆ. ಅರವತ್ತು ದಾಟಿದ್ದ ಅವರು, ಮೊಮ್ಮಗಳನ್ನು ದಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ಬಿಟ್ಟು ಕರೆತರಲೆಂದು ಮಗಳ ಮನೆಗೆ ಬಂದಿದ್ದರು. ನನ್ನನ್ನು ಕಂಡವರೇ ಕೈಮುಗಿದು, "ನಮಸ್ಕಾರ. ಕೃಪಯಾ ಬತಾಯಿಯೇ, ಕ್ಯಾ ಯಹ ಮಷೀನ್ ರಿಕ್ತ ಹೈ?" ಎಂದರು. ದೆಹಲಿಯ ವಾರ್ತೆಯೇ ನೆಲಮಾಳಿಗೆಗೆ ಇಳಿದು ಬಂದಂತಿತ್ತು. ನಾನು ತಡವರಿಸಿ, "ಹಾಂ ಜೀ, ಖಾಲಿ ಹೋ ಗಯಾ" ಎಂದೆ.

"ಹೋ ಗಯೀ. ಮಷೀನ್ ಸ್ತ್ರೀಲಿಂಗ, ಬೇಟೀ."

ಭಾರತಕ್ಕೆ ಅವರು ಒಮ್ಮೆಯೂ ಬಂದವರಲ್ಲ. ಬೀಜಿಂಗ್‌ನ ಸರ್ಕಾರಿ ರೇಡಿಯೋದಲ್ಲಿ ಹಿಂದಿ ವಾರ್ತೆ ಓದುತ್ತಿದ್ದವರು. ನಮ್ಮ ಮಾತೆಲ್ಲ ಹಿಂದಿಯಲ್ಲೇ ನಡೆಯುತ್ತಿತ್ತು. ನಳಿನಿ ಎಂಬ ನನ್ನ ಹೆಸರು ಮಾತ್ರ ಅವರ ಬಾಯಲ್ಲಿ 'ಲಲಿನಿ' ಆಗುತ್ತಿತ್ತು. ನಮ್ಮ ಸಿಚುವಾನ್ ಕಡೆಯವರ ನಾಲಿಗೆಗೆ ನ ಮತ್ತು ಲ ಎರಡೂ ಒಂದೇ, ಪಾಠ ಮಾಡಿದ ಪದ ಸರಿ ಬಂದರೂ ಹೊಸ ಹೆಸರಿನ ಮೊದಲ ನ ತಪ್ಪುತ್ತದೆ, ಅದಕ್ಕಾಗಿ ರೇಡಿಯೋದಲ್ಲಿ ಎಷ್ಟೋ ಬೈಸಿಕೊಂಡಿದ್ದೆ ಎಂದು ನಗುತ್ತಿದ್ದರು.

ಅವರ ಮನೆಯ ಟಿವಿಯಲ್ಲಿ ಚೀನಾದ ವಾಹಿನಿ ದಿನವಿಡೀ ಬಾಗ್ದಾದ್ ತೋರಿಸುತ್ತಿತ್ತು. "ಈ ಹುಡುಗಿ ಉಸಿರು ಎಳೆದುಕೊಳ್ಳುವುದೂ ಕೇಳುತ್ತೆ, ನೋಡು. ನಮಗೆ ಉಸಿರು ಕೇಳಿಸಬಾರದು ಅಂತ ಕಟ್ಟಪ್ಪಣೆ ಇತ್ತು" ಎಂದರು ಒಮ್ಮೆ. ಟಿವಿಯ ದನಿ ತಗ್ಗಿಸಿ, "ಅರವತ್ತೆರಡರ ಯುದ್ಧದಲ್ಲಿ ನಾನೂ ಓದಿದ್ದೆ... ಸೆರೆಸಿಕ್ಕ ನಿಮ್ಮ ಸೈನಿಕರ ಹೆಸರು."

ನನ್ನ ದೊಡ್ಡಪ್ಪ ನಿಂಗಪ್ಪ ಆ ಯುದ್ಧದಿಂದ ಮರಳಲಿಲ್ಲ. ಹೆಣವೂ ಸಿಗಲಿಲ್ಲ. ಚೀನಾ ರೇಡಿಯೋ ಒಂದು ಸಂಜೆ 'ಲಿಂಗಪ್ಪ, ಸ್ವಸ್ಥ' ಎಂದಿತ್ತಂತೆ. ನಿಂಗ ಅಂದರೂ ಲಿಂಗ ಅಂದರೂ ಒಂದೇ ದೇವರ ಹೆಸರು, ಅದು ನನ್ನ ಮಗನೇ ಎಂದು ಅಜ್ಜಿ ಪಟ್ಟುಹಿಡಿದರು. ಸೆರೆಯಾಳುಗಳೆಲ್ಲ ಬಂದ ಮೇಲೂ ಕಾದರು. ಹಿರಿಯರ ಹಬ್ಬದಲ್ಲಿ ಅವನ ಹೆಸರಿಗೆ ಎಡೆ ಇಡಲು ಸಾಯುವವರೆಗೂ ಬಿಡಲಿಲ್ಲ. ಅಪ್ಪನಿಗೆ ಮಾತ್ರ ಅದು ಬೇರೆ ಯಾರೋ ಲಿಂಗಪ್ಪ ಇರಬಹುದೆಂಬ ಅನುಮಾನ. ಆದರೂ ಅಜ್ಜಿ ತೀರಿದ ಮೇಲೂ ಎಡೆ ಇಡಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಅವರ ಕೆಲಸ, ಅವರ ನಾಲಿಗೆ, ಎಲ್ಲವನ್ನೂ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ನಿಂಗಪ್ಪ ಅಂತಾನೇ ಬರೆದಿದ್ರೂ ಆಯಮ್ಮ ಲಿಂಗಪ್ಪ ಅಂತಾನೇ ಓದ್ತಿದ್ರು ಅನ್ನು! ಹಂಗಾದ್ರೆ ಅಣ್ಣನೇ ಇರಬೌದು. ಒಂದ್ಸಲ ಕೇಳಮ್ಮ."

ಮುಂದಿನ ಸಲ, ಅವರ ಹಾಸಿಗೆಯ ಬಟ್ಟೆಯನ್ನು ಇಬ್ಬರೂ ತುದಿ ಹಿಡಿದು ಮಡಿಸುತ್ತಿದ್ದಾಗ, ಕೇಳಿದೆ. ಅವರು ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಬೆನ್ನು ನೇರ ಮಾಡಿ, ರೇಡಿಯೋದ ದನಿಯಲ್ಲಿ ಓದಿದರು: "ಸಿಪಾಹಿ ಲಿಂಗಪ್ಪ. ಸ್ವಸ್ಥ ಹೈ."

ಬಟ್ಟೆಯ ಆ ತುದಿ ಅವರ ಕೈಯಿಂದ ಜಾರಿತು.

"ಓದಿರಬಹುದು. ನೆನಪಿಲ್ಲ. ಸ್ವಸ್ಥ ಅನ್ನುವುದು ಎಲ್ಲ ಹೆಸರಿಗೂ ಸೇರಿಸುತ್ತಿದ್ದ ಮಾತು. ಯಾರಿಗೆ ಗಾಯ, ಯಾರಿಗೆ ಜ್ವರ, ನಮಗೇನು ಗೊತ್ತು? ನಾವೆಷ್ಟು ಒಳ್ಳೆಯವರು ಅಂತ ಲೋಕ ಕೇಳಬೇಕಿತ್ತು. ಒಬ್ಬ ತಾಯಿಯೂ ಕೇಳುತ್ತಿರಬಹುದು ಅಂತ..." ಆಮೇಲೆ ಹೇಳಿದ್ದು ಮೂರೇ ಪದ: "ಮುಝೇ ಖೇದ್ ಹೈ."

ನಮ್ಮ ಕಾಲದವರಿಗೆ ಅದು ಟಿವಿಯ ಮಾತು. ಚಿತ್ರ ಕೆಟ್ಟಾಗ 'ರುಕಾವಟ್ ಕೇ ಲಿಯೇ ಖೇದ್ ಹೈ' ಎಂದು ಪರದೆಯ ಮೇಲೆ ಬರುತ್ತಿತ್ತಲ್ಲ, ಅದೇ. ಅವರು ಹೇಳಿದ್ದನ್ನೆಲ್ಲ, ಆ ಪದವನ್ನೂ, ಅಪ್ಪನಿಗೆ ಹಾಗೆಯೇ ಒಪ್ಪಿಸಿದೆ.

"ಖೇದ ಅಂದ್ರಾ?"

"ಹಿಂದೀಲಿ ಅದು ಬರೀ ಸಾರಿ ಅಂದ ಹಾಗೆ, ಅಪ್ಪಾ."

"ಖೇದ ಅಂದ್ರೆ ಖೇದ ಕಣಮ್ಮ. ಸಾವಿನ ಮನೇಲಿ ಆಡೋ ಮಾತು. ಆಯಮ್ಮಂಗೆ ಏನೋ ಗೊತ್ತು, ಬಾಯಿಬಿಟ್ಟು ಹೇಳಲಾರರು."

ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಆ ವರ್ಷದ ಹಿರಿಯರ ಹಬ್ಬಕ್ಕೆ ಅಪ್ಪ ಹೊಸ ಪಂಚೆ ತಂದು, ಅಣ್ಣನ ಹೆಸರಿಗೆ ಮೊದಲ ಎಡೆ ಇಟ್ಟರು.

ಈ ಸುದ್ದಿ ಕೇಳಿ ಮೇಲಿನ ಮನೆಯವರು ಒಗೆಯುವ ಕೋಣೆಯ ಬೆಂಚಿನ ಮೇಲೆ ಕುಳಿತುಬಿಟ್ಟರು. "ಒಂದು ಸಲ ನನ್ನ ಮಾತಿಗೆ ಬದುಕಿದ. ಈಗ ನನ್ನ ಮಾತಿಗೇ ಸತ್ತ. ಎರಡು ಸಲವೂ ನನಗೆ ಗೊತ್ತಿರಲಿಲ್ಲ, ಲಲಿನಿ." ನನಗೆ ಗೊತ್ತಿಲ್ಲ ಎಂದು ನಿನ್ನ ತಂದೆಗೆ ಇನ್ನೊಮ್ಮೆ ಹೇಳು ಎಂದರು. ಹೇಳಿದೆ. "ಬಿಡಮ್ಮ, ಎಡೆ ಇಟ್ಟಾಯ್ತಲ್ಲ" ಎಂದರು ಅಪ್ಪ. ಅವರ ದನಿಯಲ್ಲಿ ಸಮಾಧಾನವಿತ್ತು. ಅದನ್ನು ಮಾತ್ರ ನನ್ನಿಂದ ಮೇಲಿನ ಮನೆಯವರಿಗೆ ಸರಿಯಾಗಿ ತಲುಪಿಸಲಾಗಲಿಲ್ಲ... ಸಮಾಧಾನಕ್ಕೆ ನನ್ನ ಹಿಂದಿ ಸಾಲಲಿಲ್ಲ.

ಮೊಮ್ಮಗಳು ಶಾಲೆಗೆ ಸೇರಿದ ವರ್ಷ ಅವರು ಚೀನಾಕ್ಕೆ ಮರಳಿದರು. ಮಗಳ ಕುಟುಂಬವೂ ಊರು ಬಿಟ್ಟಿತು. ಅಪ್ಪ ಈಗಿಲ್ಲ. ಹಿರಿಯರ ಹಬ್ಬ ಬಂದಾಗ ಇಲ್ಲಿ, ಮಾಲ್ಮೋದಲ್ಲಿ, ಅಪ್ಪನಿಗೂ ದೊಡ್ಡಪ್ಪನಿಗೂ ನಾನೇ ಎಡೆ ಇಡುತ್ತೇನೆ.

ಈಗಲೂ ಎಲ್ಲೋ ಯುದ್ಧ ನಡೆಯುತ್ತಲೇ ಇದೆ. ಕೆಲವೊಮ್ಮೆ ಫೋನಿನಲ್ಲಿ ಚೀನಾದ ವಾರ್ತೆ ಹಾಕಿಕೊಳ್ಳುತ್ತೇನೆ. ಒಂದು ಪದವೂ ತಿಳಿಯುವುದಿಲ್ಲ. ಓದುವವರ ಉಸಿರು ಕೇಳುತ್ತದೆಯೇ ಎಂದು ಕಿವಿಗೊಡುತ್ತೇನೆ, ಅಷ್ಟೆ. ಅವರು ಇದ್ದರೆ ಎಂಬತ್ತು ದಾಟಿರಬೇಕು. ಇದ್ದಾರೋ ಇಲ್ಲವೋ, ಯಾರನ್ನು ಕೇಳಲಿ? ಎಡೆ ಇಡುವಾಗ ಪ್ರತಿಸಲ ಇನ್ನೊಂದು ಬಾಳೆಯೆಲೆ ತೊಳೆದು ಒರೆಸುತ್ತೇನೆ. ಆಮೇಲೆ ನಮ್ಮಜ್ಜಿಯ ಹಾಗೆಯೇ, ಬೇಡವೆಂದು ಮಡಿಸಿ ಒಳಗಿಡುತ್ತೇನೆ.