ನಾಲ್ಕನೆಯ ಮೂಲೆ

ಹೋದ ವಾರ ಹಾರ ಬದಲಿಸಲೆಂದು ನಿಮ್ಮ ತಾತನ ಫೋಟೋ ಇಳಿಸಿದೆ ಮಕ್ಕಳೇ, ಅದರ ಮರದ ಕಟ್ಟು ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿತು. ಉಳಿದ ಮೂರೂ ಸಡಿಲ. ಜೀವಮಾನವೆಲ್ಲ ಊರವರ ಪಟಗಳಿಗೆ ಕಟ್ಟು ಹಾಕಿದವರು ಅವರು. ಅವರ ಪಟಕ್ಕೆ ಮಾತ್ರ ಯಾರದೋ ಅಂಗಡಿಯ ಕಟ್ಟು. “ಹೊಸದು ಹಾಕಿಸ್ಕೊಂಡು ಬರ್ತೀನಿ ಬಿಡಜ್ಜಿ” ಎಂದ ನಿಮ್ಮಲ್ಲಿ ದೊಡ್ಡವನು. ಬೇಡ ಎಂದೆ. ಯಾಕೆಂದು ಆಗ ಹೇಳಲಾಗಲಿಲ್ಲ, ಈಗ ಬರೆಯುತ್ತೇನೆ.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ವಿಜಯನಗರದ ಕಡೆ ಹೊಸ ಮನೆಗಳು ಏಳುತ್ತಿದ್ದವು. ಪ್ರತಿ ಗೃಹಪ್ರವೇಶಕ್ಕೂ ದೇವರ ಪಟ ಬೇಕು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿ ಬಂದ ನನಗೆ ಇಲ್ಲಿ ಯಾರ ಪರಿಚಯವೂ ಇಲ್ಲ. ಕೊಳಾಯಿಯ ಬಳಿ ಹೆಂಗಸರು ಮಾತಾಡಿಸಿದರೆ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದುಬಿಡುತ್ತಿದ್ದೆ. ನಗಬೇಡಿ.

ಕಟ್ಟಿನ ಪಟ್ಟಿಗಳನ್ನು ಓರೆಯಾಗಿ ಕೊಯ್ದು, ಅಂಟು ಹಚ್ಚಿ, ಒಣಗುವತನಕ ಮೂಲೆ ಅಲುಗದಂತೆ ಹಿಡಿಯಬೇಕು. ಅದಕ್ಕೆಂದೇ ತಿರುಪಿರುವ ಕಬ್ಬಿಣದ ಕ್ಲಾಂಪು. ಅವರ ಬಳಿ ಇದ್ದದ್ದು ಮೂರು. ನಾಲ್ಕನೆಯ ಮೂಲೆಗೆ ನನ್ನ ಅಂಗೈ.

“ಬಾರೇ, ಮೂಲೆ ಹಿಡ್ಕೋ” ಎಂದು ಕರೆದು, ಎದುರಿಗೆ ಕೂತು ಮುಂದಿನ ಪಟ್ಟಿ ಉಜ್ಜುತ್ತಾ ಗಿರಾಕಿಗಳ ಕಥೆ ಹೇಳುವರು. “ಆ ಮೇಷ್ಟ್ರು, ನಮ್ಮತ್ತೆ ಫೋಟೋಗೆ ಗಟ್ಟಿಯಾಗಿ ಮೊಳೆ ಹೊಡೀರಿ ಅಂದ್ರು ಕಣೇ. ಎದ್ದು ಬಂದ್ಬಿಟ್ಟಾರು ಅಂತ ಭಯವೋ ಏನೋ!” ನಾನು ತಲೆ ಎತ್ತದೆ “ಹೂಂ” ಅನ್ನುವೆ. ಇಡೀ ದಿನದಲ್ಲಿ ನನ್ನೊಡನೆ ಯಾರಾದರೂ ಮಾತಾಡುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ಒಂದು ದಿನ ಪೇಟೆಯಿಂದ ನಾಲ್ಕನೆಯ ಕ್ಲಾಂಪು ತಂದರು. “ಇನ್ಮೇಲೆ ನಿಂಗೆ ಕೈ ನೋವಿಲ್ಲ ಕಣೇ.” ನನಗಾಗಿಯೇ ತಂದದ್ದು, ಬೇಡವೆನ್ನಲು ಬಾಯಿ ಬರಲಿಲ್ಲ. ಹತ್ತು ದಿನ ಅಡುಗೆಮನೆಯಲ್ಲಿ ಕೂತು ಗರಗಸದ ಸದ್ದು ಕೇಳಿದೆ. ಆಮೇಲೆ ಅದನ್ನು ಕದ್ದು ರಾಗಿ ಹಿಟ್ಟಿನ ಡಬ್ಬದಲ್ಲಿ ಹೂತೆ.

“ನಿನ್ನೆ ಇಲ್ಲೇ ಇತ್ತಲ್ಲೇ! ಕಬ್ಬಿಣ ತಿನ್ನೋ ಹೆಗ್ಗಣ ಸೇರ್ಕೊಂಡಿದ್ಯಾ ಮನೇಲಿ?” ಎಂದು ಹುಡುಕಿ, ಕೊನೆಗೆ ಮೂಲೆ ಹಿಡಿಯಲು ನನ್ನನ್ನೇ ಕರೆದರು. ಎರಡು ದಿನ ಸುಖವಾಗಿದ್ದೆ. ಮೂರನೆಯ ದಿನ ಅವರು ಮೊಣಕಾಲೂರಿ ಹಲಗೆಗಳ ಸಂದಿಯಲ್ಲಿ ತಡಕಾಡುವುದನ್ನು ಕಂಡು ಕ್ಲಾಂಪನ್ನು ಹಿಟ್ಟಿನಿಂದ ಹೊರತೆಗೆದೆ. ಒರೆಸಿ, ಯಾರೂ ಇಲ್ಲದಾಗ ಸಾಮಾನಿನ ಪೆಟ್ಟಿಗೆಯಲ್ಲಿಟ್ಟೆ. ತಿರುಪಿನ ಸುತ್ತುಗಳಲ್ಲಿ ಹಿಟ್ಟು ಉಳಿದದ್ದು ನನಗೆ ಹೊಳೆಯಲಿಲ್ಲ.

ಮರುದಿನ ಮುದ್ದೆಗೆ ಹಿಟ್ಟು ತೆಗೆಯಲು ಕೈ ಹಾಕಿದರೆ ಅದೇ ಕ್ಲಾಂಪು ತಗುಲಿತು. ನಾನು ಏನೂ ಸುತ್ತದೆ ಹಾಗೇ ಹೂತಿದ್ದೆ. ಈಗ ಅದಕ್ಕೆ ನೀಟಾಗಿ ಕಾಗದ ಸುತ್ತಿತ್ತು. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಕೂಗು: “ಬಾರೇ, ಮೂಲೆ ಹಿಡ್ಕೋ.”

ಕೊನೆಯವರೆಗೂ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊನ್ನೆ ನೀವೆಲ್ಲ ಹೊರಟ ಮೇಲೆ ಅವರ ಸಾಮಾನಿನ ಪೆಟ್ಟಿಗೆ ತೆಗೆದೆ. ಫೋಟೋವನ್ನು ಬಿಡಿಸಿ ಎದುರಿನ ಗೋಡೆಗೆ ಒರಗಿಸಿ, ಕಟ್ಟಿಗೆ ಅಂಟು ಹಚ್ಚಿ, ಮೂರು ಮೂಲೆ ಬಿಗಿದೆ. ಇನ್ನೂ ಆ ಕಾಗದದಲ್ಲೇ ಇದ್ದ ನಾಲ್ಕನೆಯ ಕ್ಲಾಂಪನ್ನು ಬಿಚ್ಚಲಿಲ್ಲ. ಅಂಗೈಯಲ್ಲಿ ಮೂಲೆ ಒತ್ತಿ ಹಿಡಿದು ಕೂತೆ. ಮನೆಯಲ್ಲಿ ಸದ್ದೇ ಇಲ್ಲ. ಅವರೇ ಮಾತು ತೆಗೆಯಲೆಂದು ಬಹಳ ಹೊತ್ತು ಕಾದೆ, ಹಳೆಯ ಅಭ್ಯಾಸ. ಆಮೇಲೆ ತಲೆ ಎತ್ತಿ ನಾನೇ ಶುರು ಮಾಡಿದೆ:

“ರೀ, ಆ ರಾಗಿ ಡಬ್ಬದ ವಿಷಯ...”